ಕುವೈತಿನ ಸಂಗ್ರಹಾಲಯವೂ ಬಿಣಗಾದ ಅಟ್ಟಗಳೂ

ಕುವೈತಿನಲ್ಲಿ ದುಡಿದು ಬಂದ ನಮ್ಮ ಕುಟುಂಬಗಳಿಗೆ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹೆಸರು ಹೊಸತಲ್ಲ. ಫೈಲಕಾ ದ್ವೀಪದ ಉತ್ಖನನದಲ್ಲಿ ದೊರೆತ ಸುಮಾರು ನಾಲ್ಕು ಸಾವಿರ ವರ್ಷಗಳಷ್ಟು ಹಳೆಯ ಮುದ್ರೆಗಳು, ಮುತ್ತು ತೆಗೆಯುವವರ ಬದುಕು, ಭಾರತದ ಪಶ್ಚಿಮ ಕರಾವಳಿಯ ಮರದಿಂದ ಕಟ್ಟಿದ ಹಾಯಿಹಡಗುಗಳ ನೆನಪು, ಎಲ್ಲವೂ ಅಲ್ಲಿವೆ. 1961ರವರೆಗೆ ಆ ನಾಡಿನಲ್ಲಿ ರೂಪಾಯಿಯೇ ಚಲಾವಣೆಯಲ್ಲಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು. ತೈಲಸಂಪತ್ತು ಒಂದೇ ತಲೆಮಾರಿನಲ್ಲಿ ಹಳೆಯ ಜೀವನವನ್ನು ಅಳಿಸತೊಡಗಿದಾಗ ಅವರು ಅದನ್ನು ಆಯ್ದಿಟ್ಟುಕೊಂಡರು. 1990ರಲ್ಲಿ ಇರಾಕಿ ಸೇನೆ ಆ ಭವನವನ್ನು ದೋಚಿ ಸುಟ್ಟಿತು. ಯುದ್ಧಾನಂತರ ವಿಶ್ವಸಂಸ್ಥೆಯ ಮೂಲಕ ಬಹುಪಾಲು ವಸ್ತುಗಳು ಮರಳಿದವು. ಪಟ್ಟಿಮಾಡಿ ಇಟ್ಟಿದ್ದನ್ನು ಮರಳಿ ಕೇಳಬಹುದು.

ನಮ್ಮಲ್ಲಿಯೋ? 1986ರಲ್ಲಿ ಸೀಬರ್ಡ್ ಯೋಜನೆಗೆ ಶಿಲಾನ್ಯಾಸವಾಯಿತು. ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಊರುಗಳಿಂದ ಸಾವಿರಾರು ಕುಟುಂಬಗಳು ಎದ್ದುಹೋದವು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದವು. 2006ರಲ್ಲಿ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಸಂಗ್ರಹಾಲಯವಾಯಿತು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ನೌಕಾನೆಲೆಗೆ ಜಾಗ ಬಿಟ್ಟವರ ರಂಪಣಿ ಬಲೆ, ಪಾತಿ ದೋಣಿ, ಒರಳು, ಭೂಮಿಯ ಹಳೆಯ ಪಹಣಿಪತ್ರಗಳಿಗೆ ಒಂದು ಕೋಣೆಯಾದರೂ ಬೇಡವೇ? ಜಿಲ್ಲಾಡಳಿತಕ್ಕೆ ಮನವಿ ಕೊಡುವ ಮೊದಲು, ಬಿಣಗಾ ಮೊದಲ್ಗೊಂಡು ಎಲ್ಲ ಊರುಗಳ ಬಾಂಧವರು ತಮ್ಮ ಅಟ್ಟದಲ್ಲಿ ಉಳಿದಿರುವುದನ್ನು ಈ ಮಳೆಗಾಲಕ್ಕೆ ಮುನ್ನ ಒಮ್ಮೆ ಬರೆದಿಡಬೇಕೆಂದು ಕೋರುತ್ತೇವೆ.