ಬೀರುವಿನ ಬೀಗ ಮೊದಲು ತೆಗೆಯಿರಿ

ನಮ್ಮ ಮಕ್ಕಳು ಓದುವುದಿಲ್ಲವೆಂಬ ಗೊಣಗಾಟ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಗ್ರಂಥಾಲಯ ಸಪ್ತಾಹದಲ್ಲಿ ಹಾರ ಹಾಕಿಸಿಕೊಂಡ ಮಹನೀಯರು ಇದನ್ನೇ ಹೇಳುತ್ತಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ತಂದೆಯೂ ಇದನ್ನೇ ಹೇಳುತ್ತಾನೆ. ತಪ್ಪೆಲ್ಲ ಮಗುವಿನದು, ಇಲ್ಲವೆ ಅದರ ಕೈಯಲ್ಲಿರುವ ಮೊಬೈಲಿನದು ಎಂದು ತೀರ್ಪು ಕೊಟ್ಟು ಎದ್ದುಹೋಗುತ್ತಾರೆ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಮಂಡಕ್ಕಿ ಕಟ್ಟಿಕೊಟ್ಟ ಹಳೆಯ ಕಾಗದವನ್ನು ತಿಂದಾದ ಮೇಲೆ ಬಿಡಿಸಿ, ಎಣ್ಣೆಯ ಕಲೆಯ ಸುತ್ತ ಉಳಿದ ಅಕ್ಷರಗಳನ್ನು ಓದುವ ಹುಡುಗನನ್ನು ನಾವು ಕಂಡಿದ್ದೇವೆ, ನೀವೂ ಕಂಡಿದ್ದೀರಿ. ಕಥೆ ಅರ್ಧಕ್ಕೆ ಹರಿದಿರುತ್ತದೆ. ಮಿಕ್ಕರ್ಧ ಬೇರೆ ಯಾರದೋ ಪೊಟ್ಟಣವಾಗಿ ಹೋಗಿರುತ್ತದೆ. ಅವನಿಗೆ ಓದಿನ ಹಸಿವಿಲ್ಲವೆನ್ನುವವರು ಯಾರು? ಅವನಿಗಿಲ್ಲದ್ದು ಪುಸ್ತಕ.

ಪುಸ್ತಕ ಶಾಲೆಯಲ್ಲಿ ಇದೆ. ಎಷ್ಟೋ ಕಡೆ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ, ಬೀಗದೊಳಗೆ. ಬೀಗ ಹಾಕಿದ ಮೇಷ್ಟರನ್ನು ಬೈಯುವುದು ಸುಲಭ. ಆದರೆ ಒಂದು ಪುಸ್ತಕ ಕಳೆದುಹೋದರೆ ದಾಸ್ತಾನಿನ ಲೆಕ್ಕಕ್ಕೆ ಉತ್ತರ ಹೇಳಬೇಕಾದವರು ಅವರೇ. ಕಳೆದ ಪುಸ್ತಕಕ್ಕೆ ಲೆಕ್ಕ ಕೇಳುವ ಮೇಲಧಿಕಾರಿ, ವರ್ಷವಿಡೀ ಒಂದು ಮಗುವೂ ಪುಸ್ತಕ ಮುಟ್ಟಲಿಲ್ಲವೇಕೆ ಎಂದು ಕೇಳುವುದಿಲ್ಲ. ಹೀಗಾಗಿ ಯಾರೂ ಓದದೆ ಹೊಸದಾಗಿಯೇ ಉಳಿದ ಪುಸ್ತಕ ಒಳ್ಳೆಯ ಆಡಳಿತದ ಗುರುತಾಗಿದೆ! ಪುಸ್ತಕವಿರುವುದು ಬಳಕೆಗೆ ಎಂಬುದನ್ನು ಎಸ್. ಆರ್. ರಂಗನಾಥನ್ 1931ರಷ್ಟು ಹಿಂದೆಯೇ ಗ್ರಂಥಾಲಯದ ಮೊದಲ ಸೂತ್ರವಾಗಿ ಬರೆದಿಟ್ಟರು. ಸೂತ್ರವೂ ಬಹುಶಃ ಅದೇ ಬೀರುವಿನಲ್ಲಿದೆ.

ಇನ್ನು ಊರ ಗ್ರಂಥಾಲಯ. ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದಾಗ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಈಗ ಆಸ್ತಿ ತೆರಿಗೆಯ ಪ್ರತಿ ನೂರು ರೂಪಾಯಿಗೆ 6 ರೂಪಾಯಿಯಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಕಟ್ಟಡವಿದ್ದ ವ್ಯಾಪಾರಿ ಇದನ್ನು ನೇರವಾಗಿ ಕಟ್ಟುತ್ತಾನೆ. ವಠಾರದ ಕಾರ್ಮಿಕ ತನ್ನ ಬಾಡಿಗೆಯೊಳಗೆ ಸೇರಿಸಿ ಕಟ್ಟುತ್ತಾನೆ, ಅವನಿಗದು ತಿಳಿಯದು ಅಷ್ಟೆ. ಹಾಗೆ ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಪೂರ್ತಿಯಾಗಿ ಗ್ರಂಥಾಲಯಗಳಿಗೆ ತಲುಪಿಸದೆ ಬಾಕಿ ಉಳಿಸಿಕೊಳ್ಳುವುದು ಹಳೆಯ ರೋಗ. ಮಕ್ಕಳಲ್ಲಿ ಓದಿನ ಪ್ರೀತಿ ಇಲ್ಲವೆಂದು ಭಾಷಣ ಮಾಡುವವರು ಮೊದಲು ಈ ಬಾಕಿಯ ಲೆಕ್ಕ ಹೇಳಲಿ. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಹೊರಟರು. ಒಳ್ಳೆಯ ಕೆಲಸ. ಪಟ್ಟಣದ ಕಾರ್ಮಿಕರ ಕೇರಿಯ ಮಕ್ಕಳನ್ನೂ ಹೀಗೆ ಕೈಹಿಡಿದು ಒಳಗೆ ಕರೆದವರು ಯಾರು?

ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದೂ ಪ್ರಾಮಾಣಿಕತೆಯಲ್ಲ. ಶಾಲಾ ಮಾಸ್ತರರಾಗಿದ್ದ ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಲಕ್ಷಾಂತರ ಪುಸ್ತಕಗಳನ್ನು ಕೂಡಿಹಾಕಿ ಬಂದವರಿಗೆಲ್ಲ ಬಾಗಿಲು ತೆರೆದಿಟ್ಟ ಅಂಕೇಗೌಡರು ಬಸ್ಸಿನ ಕಂಡಕ್ಟರಾಗಿದ್ದವರು, ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಜಮೀನ್ದಾರರಲ್ಲ, ಪ್ರೊಫೆಸರರಲ್ಲ, ನಮ್ಮಂತೆಯೇ ಸಂಬಳದ ದಿನಕ್ಕೆ ಕಾದವರು.

ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? “ಓದು, ಓದು” ಎಂದು ಗದರಿಸುತ್ತೇವೆ. ಮಗ ಕಥೆಪುಸ್ತಕ ಹಿಡಿದರೆ ಕಿತ್ತುಕೊಂಡು ಪಾಠದ ಪುಸ್ತಕ ಕೊಡುತ್ತೇವೆ. ಓದು ಎಂದರೆ ಅಂಕ, ಅಂಕವೆಂದರೆ ನೌಕರಿ. ಮಗಳ ಪಾಲಿಗೆ ಅದೂ ಇಲ್ಲ. ಪುಸ್ತಕ ತೆರೆದೊಡನೆ ನೀರು ತರುವ ಕೆಲಸ ನೆನಪಾಗುತ್ತದೆ. ಶಿಕ್ಷೆಯಂತೆ ಹೇರಿದ್ದನ್ನು ಮಗು ಪ್ರೀತಿಸಬೇಕೆಂದರೆ ಹೇಗೆ? ರಾತ್ರಿ ಪಾಳಿ ಮುಗಿಸಿ ಬಂದ ತಂದೆ, ತನಗೆ ಅಕ್ಷರ ಬಾರದಿದ್ದರೂ ಸರಿಯೆ, “ಮಗಳೇ, ಆ ಕಥೆ ಮುಂದೇನಾಯ್ತು, ಓದವ್ವ, ಕೇಳೋಣ” ಎಂದರೆ ಸಾಕು. ಕೇಳುವ ಕಿವಿಯೊಂದಿದ್ದರೆ ಮಗು ಎರಡು ಪುಟ ಹೆಚ್ಚೇ ಓದುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ವ್ಯಾಪಾರಿ ಮಿತ್ರರಲ್ಲಿ ಒಂದು ಮಾತು: ಪೊಟ್ಟಣ ಕಟ್ಟಲೆಂದು ತೂಕಕ್ಕೆ ಕೊಂಡ ರದ್ದಿಯಲ್ಲಿ ಮಕ್ಕಳ ಪುಸ್ತಕ ಬಂದರೆ ಹರಿಯಬೇಡಿ, ತೆಗೆದಿಟ್ಟು ಸಂಘದ ಕಚೇರಿಗೆ ಕಳಿಸಿ. ಅಲ್ಲಿ ಬೀಗವಿಲ್ಲದ ಒಂದು ಟ್ರಂಕು ಇಡೋಣ. ಮುಂದಿನ ಸಲ ತೆರಿಗೆ ಕಟ್ಟುವಾಗ ರಸೀತಿಯಲ್ಲಿ ಗ್ರಂಥಾಲಯ ಕರವೆಂದು ಎಷ್ಟು ಹಿಡಿದಿದ್ದಾರೆಂದು ನೋಡಿಕೊಳ್ಳಿ. ವಾರ್ಡಿನ ಸದಸ್ಯರು ಎದುರಾದಾಗ ಆ ರಸೀತಿ ತೋರಿಸಿ, ಶಾಲೆ ಬಿಟ್ಟ ಮೇಲೆ ಗ್ರಂಥಾಲಯದ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆಂದು ಕೇಳಿ.