ಎರಕದ ಗುಂಡು ಮತ್ತು ಹೊಸಬನ ಹೊಣೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಿಸ್ತೂಲಿನಿಂದ ಗುರಿಯ ಅಭ್ಯಾಸ ಮಾಡುವ ಗೃಹಸ್ಥರಲ್ಲಿ ಅನೇಕರು, ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆಯನ್ನು ಆರಿಸಿ ಮನೆಗೆ ತಂದು, ಉಜ್ಜಿ ಬೆಳಗಿ, ಅದರ ಬುಡಕ್ಕೆ, ಮದ್ದಿಗೆ ಕಿಡಿ ಕೊಡುವ ಹೊಸ ಪ್ರೈಮರನ್ನು ಕೂರಿಸಿ, ತೂಗಿದ ಮದ್ದನ್ನು ಸುರಿದು, ತಾವೇ ಎರಕ ಹೊಯ್ದ ಸೀಸದ ಗುಂಡನ್ನು ಬಾಯಿಗಿಟ್ಟು ಒತ್ತಿ, ಮತ್ತೊಮ್ಮೆ ತೋಟಾವನ್ನು ಸಿದ್ಧಪಡಿಸಿಕೊಳ್ಳುವುದುಂಟು. ಸ್ವಂತ ಉಪಯೋಗಕ್ಕಾಗಿ ಹೀಗೆ ಮಾಡಿಕೊಳ್ಳುವುದಕ್ಕೆ ಅಲ್ಲಿಯ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ಮಾರಾಟಕ್ಕೆಂದು ತಯಾರಿಸುವವನಿಗೆ ಮಾತ್ರ ಅದು ಬೇಕು. ಅಲ್ಲಿ ನೆಲೆಸಿರುವ ನಮ್ಮವರಲ್ಲಿಯೂ ಕೆಲವರು ಈ ಹವ್ಯಾಸಕ್ಕೆ ಮನಸ್ಸು ಕೊಟ್ಟಿರುವುದರಿಂದ ಇದರ ವಿಚಾರ ಕನ್ನಡದ ಪತ್ರಿಕೆಯಲ್ಲಿ ಬರುವುದು ಅಪ್ರಸ್ತುತವೆಂದು ನಾನು ಭಾವಿಸಲಾರೆ. ಕೈಗಸುಬು ಯಾವುದಾದರೂ ಅದರ ಬಗ್ಗೆ ನನಗೆ ಗೌರವವಿದೆ. ಇದರ ಬಗ್ಗೆಯೂ ಇದೆ. ಆದರೆ ಹೊಸಬನಿಗೆ ಇದನ್ನು ಹೇಳಿಕೊಡುವ ಕ್ರಮವೇ ತಲೆಕೆಳಗಾಗಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ: ತೋಟಾ ಒತ್ತುವ ಯಾವ ಪ್ರೆಸ್ಸನ್ನು ಕೊಳ್ಳಬೇಕು, ಯಾವ ಅಚ್ಚು ಒಳ್ಳೆಯದು, ಎಷ್ಟು ಹಣ ಉಳಿಯುತ್ತದೆ ಎಂಬ ಮಾತುಗಳೆಲ್ಲ ಮೊದಲಾಗಿ, ಸೀಸವೆಂಬುದು ವಿಷವೆಂಬ ಮಾತು, ಬಂದರೆ, ಕಟ್ಟಕಡೆಗೆ ಬರುತ್ತದೆ.

ಹಣದ ಆಕರ್ಷಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ತೋಟಾದ ನಾಲ್ಕು ಅಂಗಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಹಿತ್ತಾಳೆಯ ಕೋಶ. ಅದು ಹಾರಿಸಿದ ಮೇಲೂ ಉಳಿಯುತ್ತದೆ. ಬೆಲೆಯಲ್ಲಿ ಅದರ ನಂತರದ್ದು ಗುಂಡು. ಅದನ್ನು ಹಳೆಯ ಸೀಸದಿಂದ ಎರೆದುಕೊಂಡರೆ ಖರ್ಚಾಗುವುದು ಮದ್ದು ಮತ್ತು ಪ್ರೈಮರ್ ಮಾತ್ರ. 2013ರಲ್ಲಿಯೂ, ಮತ್ತೆ 2020ರ ಮಹಾಮಾರಿಯ ಕಾಲದಲ್ಲಿಯೂ ಅಲ್ಲಿಯ ಅಂಗಡಿಗಳ ಕಪಾಟುಗಳು ಬರಿದಾಗಿ ತೋಟಾಗಳೇ ದೊರೆಯದೆ ಹೋದಾಗ ಈ ಕಸುಬಿನ ಕಡೆಗೆ ತಿರುಗಿದವರು ಅನೇಕರು. ಕಸುಬೇನೋ ಹಳೆಯದೇ. 1884ರಲ್ಲಿ ಕನೆಟಿಕಟ್ ರಾಜ್ಯದ ನ್ಯೂ ಹೇವನ್ ಪಟ್ಟಣದಲ್ಲಿ ಜಾನ್ ಬಾರ್ಲೋ ಎಂಬಾತ ಸ್ಥಾಪಿಸಿದ ಐಡಿಯಲ್ ಕಂಪನಿಯು ಗುಂಡಿನ ಅಚ್ಚುಗಳನ್ನು ಮಾರುತ್ತ, ಅವುಗಳ ಜೊತೆಗೆ ಕೈಪಿಡಿಯನ್ನೂ ಪ್ರಕಟಿಸುತ್ತ ಬಂದಿತು. 1925ರಲ್ಲಿ ಅದು ಲೈಮನ್ ಕಂಪನಿಗೆ ಸೇರಿತು. ಲೈಮನ್‌ನವರ ಎರಕದ ಗುಂಡಿನ ಕೈಪಿಡಿಯನ್ನು ಇಂದಿಗೂ ಕಸುಬುದಾರರು ಪ್ರಮಾಣಗ್ರಂಥವೆಂದು ಹಿಡಿಯುತ್ತಾರೆ.

ಎರಕದ ಕೆಲಸವನ್ನು ಹತ್ತಿರದಿಂದ ನೋಡಿದವನಿಗೆ ಅದರ ಸೊಗಸು ತಿಳಿಯದೆ ಇರದು. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕರಗಿದ ಪಾತ್ರೆಯ ಮೇಲ್ಮೈಯಲ್ಲಿ ಬೂದುಬಣ್ಣದ ಕಿಟ್ಟ ಕೆನೆಗಟ್ಟಿದಾಗ ಅದಕ್ಕೆ ಚೂರು ಮೇಣವನ್ನು ಹಾಕಿ ಕಲಕಿದರೆ, ಹೊಗೆಯೆದ್ದು, ಸೀಸಕ್ಕೆ ಬೆರೆಸಿರುವ ತವರ ಮತ್ತೆ ಅದರೊಳಗೆ ಸೇರಿಕೊಂಡು, ಕಿಟ್ಟದ ಕೆಳಗಿನ ಲೋಹ ಕನ್ನಡಿಯಂತೆ ಹೊಳೆಯುತ್ತದೆ. ಎರಡು ಹೋಳುಗಳ ಅಚ್ಚನ್ನು ಹಿಡಿಗಳಿಂದ ಬಿಗಿಯಾಗಿ ಒತ್ತಿಹಿಡಿದು ಸೌಟಿನಿಂದ ಹೊಯ್ದಾಗ, ಅಚ್ಚಿನ ಮೇಲಣ ತಟ್ಟೆಯಲ್ಲಿ ನಿಂತ ಹೆಚ್ಚುವರಿ ಸೀಸ ಒಂದೆರಡು ಕ್ಷಣ ಮಿನುಗುತ್ತಿದ್ದು ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಗಟ್ಟಿಯಾಯಿತೆಂಬುದಕ್ಕೆ ಅದೇ ಗುರುತು. ಆಗ ಮರದ ಕೋಲಿನಿಂದ ತಟ್ಟೆಯನ್ನು ತಟ್ಟಿ ಸರಿಸಿ, ಅಚ್ಚನ್ನು ಬಿಚ್ಚಿದರೆ, ಗುಂಡು ಮಡಿಸಿದ ಬಟ್ಟೆಯ ಮೇಲೆ ಬೀಳುತ್ತದೆ. ಅಚ್ಚು ಇನ್ನೂ ಕಾಯದಿರುವಾಗ ಬಂದ ಮೊದಲಿನ ಗುಂಡುಗಳ ಮೈಯೆಲ್ಲ ಸುಕ್ಕು. ಅವನ್ನು ಮತ್ತೆ ಪಾತ್ರೆಗೇ ಹಾಕತಕ್ಕದ್ದು. ಅಚ್ಚಿಗೆ ಹದವಾದ ಕಾವು ಬಂದ ಮೇಲೆ ಬೀಳುವ ಗುಂಡಿನ ಅಂಚುಗಳು ಚೂಪಾಗಿಯೂ, ಮೇಣ ತುಂಬುವ ಕಾಲುವೆಗಳು ಪೂರ್ಣವಾಗಿಯೂ ಮೂಡಿರುತ್ತವೆ. ಈ ಕೆಲಸದಲ್ಲಿ ನೀರಿನಷ್ಟು ದೊಡ್ಡ ಶತ್ರು ಮತ್ತೊಂದಿಲ್ಲ: ಒದ್ದೆಯಾದ ಸೌಟನ್ನೋ ತೇವವಿರುವ ಸೀಸದ ಗಟ್ಟಿಯನ್ನೋ ಕರಗಿದ ಲೋಹದೊಳಗೆ ಮುಳುಗಿಸಿದರೆ, ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಉಬ್ಬಿ, ಪಾತ್ರೆಯಲ್ಲಿರುವ ಸೀಸವನ್ನು ಮುಖಕ್ಕೂ ಮೈಗೂ ಎರಚುತ್ತದೆ.

ಶುದ್ಧ ಸೀಸ ಬಹಳ ಮೃದು. ಅದಕ್ಕೆ ತವರವನ್ನೂ ಆಂಟಿಮನಿಯನ್ನೂ ಬೆರೆಸಿದರೆ ಗಟ್ಟಿಯಾಗುತ್ತದೆ. ಮುದ್ರಣಾಲಯದ ಅಚ್ಚುಮೊಳೆಯ ಲೋಹವೂ ಈ ಮೂರರ ಮಿಶ್ರಣವೇ. 1886ರಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆಯ ಕಚೇರಿಯಲ್ಲಿ ಮೊದಲು ಬಳಕೆಗೆ ಬಂದ, ಅಕ್ಷರಗಳ ಸಾಲನ್ನು ಎರೆಯುವ ಲೈನೋಟೈಪ್ ಯಂತ್ರಗಳು ಒಂದು ಶತಮಾನವೂ ತುಂಬುವ ಮೊದಲೇ ಮೂಲೆ ಸೇರಿದಾಗ, ಅವುಗಳ ಲೋಹ ಗುಜರಿಯ ಮೂಲಕ ಗುಂಡು ಎರೆಯುವವರ ಪಾತ್ರೆಗೆ ಹೋಯಿತು. ಅಕ್ಷರವಾಗಿದ್ದ ಲೋಹ ಗುಂಡಾಯಿತೆಂಬುದನ್ನು ನೆನೆದಾಗ ಪತ್ರಿಕೆಗೆ ಬರೆಯುವ ನನ್ನಂಥವನ ಮನಸ್ಸು ಸ್ವಲ್ಪ ನೊಂದುಕೊಳ್ಳುವುದು ಸಹಜ. ಮೋಟಾರು ಗಾಡಿಯ ಚಕ್ರಗಳಿಗೆ ಸಮತೋಲಕ್ಕಾಗಿ ಸಿಕ್ಕಿಸುವ ಸಣ್ಣ ತೂಕಗಳು ಇನ್ನೊಂದು ಹಳೆಯ ಆಕರ. ಆದರೆ ಕ್ಯಾಲಿಫೋರ್ನಿಯ 2010ರಿಂದ ಸೀಸದ ಅಂಥ ತೂಕಗಳನ್ನು ನಿಷೇಧಿಸಿದೆ, ಈಗ ಬರುವವುಗಳಲ್ಲಿ ಅನೇಕವು ಸತುವಿನವು, ಮತ್ತು ಸತು ಬೆರೆತ ಪಾತ್ರೆಯ ಸೀಸ ಅಚ್ಚಿನೊಳಗೆ ಸರಿಯಾಗಿ ತುಂಬಿಕೊಳ್ಳುವುದಿಲ್ಲ.

ಗುಂಡು ಗಟ್ಟಿಯಾಗಿದ್ದಷ್ಟೂ ಒಳ್ಳೆಯದೆಂಬುದು ಹೊಸಬರಲ್ಲಿ ಬಹುವಾಗಿ ಹರಡಿರುವ ಭ್ರಮೆ. ಗುಂಡಿನ ಗಾತ್ರ ನಳಿಗೆಯ ಗಾತ್ರಕ್ಕಿಂತ ಕಿರಿದಾಗಿದ್ದರೆ, ಅದೆಷ್ಟೇ ಗಟ್ಟಿಯಿರಲಿ, ಉರಿಯುವ ಅನಿಲ ಅದರ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಯ ಒಳಮೈಗೆ ಮೆತ್ತುತ್ತದೆ. .38 ಸ್ಪೆಷಲ್ ರಿವಾಲ್ವರಿನ ನಳಿಗೆಯ ಗೀರುಗಳ ಅಳತೆ 0.357 ಅಂಗುಲವಾದರೆ ಎರಕದ ಗುಂಡಿನದು 0.358 ಇರತಕ್ಕದ್ದು, ಅಂಗುಲದ ಸಾವಿರದಲ್ಲಿ ಒಂದು ಪಾಲಿನ ಈ ಹೆಚ್ಚಳದಲ್ಲಿಯೇ ಕಸುಬಿನ ಮರ್ಮ ಅಡಗಿದೆ. ಗ್ಲಾಕ್ ಮೊದಲಾದ ಕೆಲವು ಪಿಸ್ತೂಲುಗಳ ನಳಿಗೆ ಬಹುಕೋನಾಕೃತಿಯದು. ಅವುಗಳಲ್ಲಿ ಬರಿಯ ಸೀಸವನ್ನು ಹಾರಿಸಕೂಡದೆಂದು ತಯಾರಕರೇ ಎಚ್ಚರಿಸುತ್ತಾರೆ.

ಮದ್ದಿನ ಅಪಾಯವನ್ನಂತೂ ಎಲ್ಲರೂ ಬಲ್ಲರು. ಆದರೂ ಅದರ ಕಾರಣವನ್ನು ತಿಳಿದವರು ಕಡಮೆ. .38 ಸ್ಪೆಷಲ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಹೆಚ್ಚು ಸ್ಥಳವನ್ನು ಬೇಡುತ್ತಿದ್ದ ಕರಿಮದ್ದಿನ ಕಾಲಕ್ಕೆಂದು ರೂಪುಗೊಂಡ ತೋಟಾ. ಇಂದಿನ ಹೊಗೆರಹಿತ ಮದ್ದು ಅದರ ತಳದಲ್ಲಿ ಚೂರು ಜಾಗವನ್ನಷ್ಟೇ ತುಂಬುತ್ತದೆ. ಆದುದರಿಂದ ಮೈಮರೆತು ಅದಕ್ಕೇ ಎರಡನೆಯ ಸಲ ಮದ್ದು ಸುರಿದರೂ ತುಂಬಿ ಹೊರಚೆಲ್ಲುವುದಿಲ್ಲ, ಕೈ ತಪ್ಪಿತೆಂಬ ಸುಳಿವೂ ಸಿಗುವುದಿಲ್ಲ. ಈ ತೋಟಾದ ಒತ್ತಡದ ಮಿತಿ ಚದರ ಅಂಗುಲಕ್ಕೆ 17,000 ಪೌಂಡು. ಇಮ್ಮಡಿ ಮದ್ದಿನ ಒತ್ತಡಕ್ಕೆ ರಿವಾಲ್ವರಿನ ಉಕ್ಕೇ ಸೀಳಿಹೋಗಬಹುದು. ಮದ್ದನ್ನೇ ಸುರಿಯದೆ ಬಿಟ್ಟರೆ ಪ್ರೈಮರಿನ ಬಲವೊಂದರಿಂದಲೇ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡು, ಅದರ ಹಿಂದೆ ಹಾರಿಸಿದ ಮುಂದಿನ ಗುಂಡು ನಳಿಗೆಯನ್ನು ಒಡೆಯಬಹುದು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿಯಿರಬೇಕು. ಮುದ್ರಿತ ಕೈಪಿಡಿಯ ಅಳತೆಗಳನ್ನೇ, ಅದರಲ್ಲಿಯೂ ಕನಿಷ್ಠದಿಂದಲೇ, ಅನುಸರಿಸಬೇಕು. ಗುಂಡನ್ನಿಡುವ ಮೊದಲು ಪ್ರತಿಯೊಂದು ಕೋಶದೊಳಕ್ಕೂ ದೀಪದ ಬೆಳಕಿನಲ್ಲಿ ಇಣುಕಿ ನೋಡಬೇಕು.

ಈ ಅಪಾಯಗಳೆಲ್ಲ ಶಬ್ದ ಮಾಡಿ ಬರುವಂಥವು. ಸೀಸ ಬರುವುದು ನಿಶ್ಶಬ್ದವಾಗಿ. ಎರಕದ ಉಷ್ಣತೆಯಲ್ಲಿ ಸೀಸ ಆವಿಯಾಗಿ ಏಳುವುದು ಅತ್ಯಲ್ಪ. ಆದುದರಿಂದಲೇ ಹಳಬರು, ಕಿಟಕಿ ತೆರೆದಿದ್ದರೆ ಸಾಕು, ನಾವು ಇಷ್ಟು ವರ್ಷ ಎರೆದಿದ್ದೇವೆ, ಏನೂ ಆಗಿಲ್ಲ ಎಂದು ಧೈರ್ಯ ಹೇಳುತ್ತಾರೆ. ಆದರೆ ವಿಷ ಬರುವುದು ಹೆಚ್ಚಾಗಿ ಹುಡಿಯ ಮಾರ್ಗದಿಂದ: ಕಿಟ್ಟವನ್ನು ಕೆರೆದು ತೆಗೆದಾಗ ಏಳುವ ಬೂದಿಯಲ್ಲಿ ಅದಿದೆ, ಪ್ರೈಮರಿನ ಸ್ಫೋಟಕದಲ್ಲಿಯೂ ಸೀಸವಿರುವುದರಿಂದ, ಹಾರಿಸಿದ ಹಿತ್ತಾಳೆಯನ್ನು ಜೋಳದ ದಿಂಡಿನ ತರಿಯಲ್ಲಿ ಹೊರಳಿಸಿ ಬೆಳಗುವ ಯಂತ್ರದ ಮುಚ್ಚಳ ತೆಗೆದಾಗ ಮೇಲೇಳುವ ಧೂಳಿನಲ್ಲಿಯೂ ಅದಿದೆ, ಗುಂಡನ್ನು ಮುಟ್ಟಿದ ಬೆರಳಿನಲ್ಲಿ, ಅಂಗಿಯ ತೋಳಿನಲ್ಲಿ, ಚಪ್ಪಲಿಯ ಅಡಿಯಲ್ಲಿ ಅದಿದೆ. ಬೆರಳಿನಿಂದ ಅದು ತಿಂಡಿಗೆ, ಚಪ್ಪಲಿಯಿಂದ ಜಮಖಾನೆಗೆ, ಅಲ್ಲಿಂದ ಅಂಬೆಗಾಲಿಡುವ ಕೂಸಿನ ಬಾಯಿಗೆ ಹೋಗುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚಾಗಿ ಅದನ್ನು ಹೀರಿಕೊಳ್ಳುತ್ತದೆ. ಸೀಸ ಸುಣ್ಣಾಂಶವೆಂಬಂತೆ ಮೂಳೆಯಲ್ಲಿ ಸೇರಿ ದಶಕಗಳ ಕಾಲ ಉಳಿಯುತ್ತದೆ. ಬೆಳೆಯುವ ಮಿದುಳಿಗೆ ಅದು ಮಾಡಿದ ಹಾನಿಯನ್ನು ಯಾವ ಔಷಧವೂ ತುಂಬಿಕೊಡಲಾರದು. ಮಕ್ಕಳ ರಕ್ತದಲ್ಲಿ ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣ ಯಾವುದೂ ಇಲ್ಲವೆಂಬುದು ವೈದ್ಯಶಾಸ್ತ್ರದ ನಿರ್ಣಯ. ಅಮೆರಿಕದ ರೋಗನಿಯಂತ್ರಣ ಕೇಂದ್ರವು ಮಕ್ಕಳ ವಿಷಯದಲ್ಲಿ ಎಚ್ಚರಗೊಳ್ಳಬೇಕಾದ ಮಟ್ಟವನ್ನು 2021ರಲ್ಲಿ ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಮಿನಿಂದ 3.5ಕ್ಕೆ ಇಳಿಸಿತು.

ನನ್ನ ಮನಸ್ಸನ್ನು ಬಹಳವಾಗಿ ಕಲಕುವ ಸಂಗತಿ ಒಂದಿದೆ. 1978ರಲ್ಲಿಯೇ ಅಮೆರಿಕ ಸರ್ಕಾರ ಸೀಸದ ಕಾರ್ಖಾನೆಗಳಿಗೆ ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿತು: ಗಾಳಿಯಲ್ಲಿ ಸೀಸ ಘನಮೀಟರಿಗೆ 50 ಮೈಕ್ರೋಗ್ರಾಮನ್ನು ಮೀರಬಾರದು, ಮೀರಿದ ಕಡೆ ಊಟ ತಿಂಡಿ ತಂಬಾಕು ಕೂಡದು, ಕೆಲಸದ ಬಟ್ಟೆಯನ್ನು ಕಾರ್ಮಿಕ ಮನೆಗೆ ಒಯ್ಯಬಾರದು, ಅವನ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು. ಆ ನಿಯಮಗಳು ರಕ್ಷಿಸುವುದು ಕೂಲಿಗೆ ದುಡಿಯುವ ವಯಸ್ಕನನ್ನು. ಅದೇ ಲೋಹವನ್ನು ಮನೆಯ ಗ್ಯಾರೇಜಿನಲ್ಲಿ ಕರಗಿಸುವ ತಂದೆಗೆ ಇನ್ಸ್‌ಪೆಕ್ಟರಿಲ್ಲ, ನೋಂದಣಿ ಪುಸ್ತಕವಿಲ್ಲ. ಗೋಡೆಯ ಆಚೆ ಆಡುತ್ತಿರುವ ಮಗುವಿಗೂ ಯಾವ ರಕ್ಷಣೆಯೂ ಇಲ್ಲ. ಮನೆಯೊಳಕ್ಕೆ ಸರ್ಕಾರ ಬರಬೇಕೆಂದು ನಾನು ಹೇಳುತ್ತಿಲ್ಲ, ಅದು ಸಾಧ್ಯವೂ ಅಲ್ಲ. ಸರ್ಕಾರ ಬಾರದ ಸ್ಥಳದಲ್ಲಿ ಗೃಹಸ್ಥನೇ ಆ ಹೊಣೆಯನ್ನು ಹೊರತಕ್ಕದ್ದೆಂಬುದಷ್ಟೇ ನನ್ನ ವಾದ. ಕೈಪಿಡಿಗಳಲ್ಲಿ ಈ ಎಚ್ಚರಿಕೆ ಇಲ್ಲವೇ ಇಲ್ಲವೆನ್ನಲಾಗದು. ಆದರೆ ಕಲಿಸುವವರ ಬಾಯಿಯಲ್ಲಿ ಅದು ಮೊದಲ ಪಾಠವಾಗಬೇಕು.

ಆದಕಾರಣ ಹೊಸಬ ಎರಕದಿಂದ ಪ್ರಾರಂಭಿಸಬಾರದು. ಬೇರೆಯವರು ಎರೆದು, ಮೇಲೆ ಪಾಲಿಮರ್ ಲೇಪ ಕೊಟ್ಟ ಗುಂಡುಗಳು ಅಲ್ಲಿಯ ಅಂಗಡಿಗಳಲ್ಲಿ ದೊರೆಯುತ್ತವೆ. ಕಾರ್ಖಾನೆಯ ತಾಮ್ರದ ಹೊದಿಕೆಯ ಗುಂಡಿಗಿಂತ ಸಾಮಾನ್ಯವಾಗಿ ಅಗ್ಗ, ಕೈಗೆ ಹತ್ತುವ ಸೀಸವೂ ಕಡಮೆ. ಅವುಗಳಿಂದ, .38 ಸ್ಪೆಷಲ್ ಅಥವಾ .45ರಂಥ ಕಡಮೆ ಒತ್ತಡದ ಒಂದೇ ತೋಟಾವನ್ನು ಹಿಡಿದು, ಹಳಬನೊಬ್ಬನ ಪಕ್ಕದಲ್ಲಿ ಕುಳಿತು, ಮದ್ದಿನ ಶಿಸ್ತನ್ನು ಕಲಿಯಲಿ. ಮನೆಯಲ್ಲಿ ಎಳೆಯ ಮಕ್ಕಳೋ ಗರ್ಭಿಣಿಯೋ ಇದ್ದರೆ ಎರಕದ ಪಾತ್ರೆಯನ್ನು ಮನೆಗೆ ತರಲೇಕೂಡದೆಂಬ ಮಾತನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಉಳಿಯುವ ಡಾಲರುಗಳು ಆ ಆಪತ್ತಿಗೆ ಬೆಲೆಯಾಗಲಾರವು. ಹಾಗಲ್ಲದೆ ಎರಕಕ್ಕೆ ಕೈಹಾಕುವವನು ಬಯಲಿನಲ್ಲಿ ಎರೆಯಲಿ, ಅದಕ್ಕೆಂದೇ ಬೇರೆ ಬಟ್ಟೆ ಪಾದರಕ್ಷೆಗಳನ್ನಿಟ್ಟುಕೊಳ್ಳಲಿ, ಅಡಿಗೆಮನೆಯ ಒಂದು ಸೌಟನ್ನೂ ಅದಕ್ಕೆ ಮುಟ್ಟಿಸದಿರಲಿ, ನೆಲವನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಲಿ.

ನಮ್ಮ ದೇಶದಲ್ಲಿ ಈ ಪ್ರಶ್ನೆಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಅಲ್ಲಿ ಕಲಿತದ್ದನ್ನು ಇಲ್ಲಿ ಮಾಡಿ ನೋಡುವೆನೆಂದು ಯಾರೂ ಹೊರಡಬಾರದು.

ಅಲ್ಲಿರುವ ಮಗನೋ ಅಳಿಯನೋ ಈ ಹವ್ಯಾಸವನ್ನು ಕೈಗೊಂಡಿದ್ದಾನೆಂದು ತಿಳಿದ ಹಿರಿಯರಲ್ಲಿ ನನ್ನದೊಂದು ವಿನಂತಿ. ಕೋವಿಯ ವಿಚಾರವಾಗಿ ಜಗಳಕ್ಕೆ ಹೋಗಬೇಡಿ, ಅದು ಅವರ ಊರಿನ ಕಾನೂನಿಗೆ ಬಿಟ್ಟದ್ದು. ಅವನ ರಕ್ತದಲ್ಲಿಯೂ ಮೊಮ್ಮಕ್ಕಳ ರಕ್ತದಲ್ಲಿಯೂ ಸೀಸ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿದನೇ ಎಂದು ಕೇಳಿರಿ, ಮಾಡಿಸಿಲ್ಲವಾದರೆ ಮಾಡಿಸುವವರೆಗೆ ಕೇಳುತ್ತಲೇ ಇರಿ.