ಕಲ್ಲಿಗೂ ಬಾಣಂತನ ಬೇಕು

ವರದೆಯ ದಂಡೆಯ ನಮ್ಮ ಹೊಸರಿತ್ತಿಗೂ ಕಡಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಾಗರದ ಸೀಮೆಯಲ್ಲಿ ಹುಟ್ಟುವ ಈ ಹೊಳೆ ಹತ್ತಿರದ ಪಡುಗಡಲಿಗೆ ಬೆನ್ನು ಹಾಕಿ, ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡಿ, ಮೂಡಣ ಸಮುದ್ರದ ದಾರಿ ಹಿಡಿಯುತ್ತದೆ. ಅಷ್ಟೇ ಸಂಬಂಧ ಎಂದುಕೊಂಡಿದ್ದೆ. ಮಗ ಹುಬ್ಬಳ್ಳಿಯಿಂದ ಮೂರಡಿ ಉದ್ದದ ಗಾಜಿನ ತೊಟ್ಟಿ ತಂದು ಪಡಸಾಲೆಯಲ್ಲಿಟ್ಟು, "ಅವ್ವಾ, ಇದರಾಗ ಸಮುದ್ರ ಮಾಡ್ತೀನಿ" ಅನ್ನುವ ತನಕ.

ಸಮುದ್ರ ಮಾಡುವುದೆಂದರೆ ಉಪ್ಪುನೀರು ತುಂಬಿ ಮೀನು ಬಿಡುವುದಲ್ಲ. ತೂತುತೂತಾದ ಕಲ್ಲು ಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಕಲ್ಲಿನ ಸಂದಿಗಳಲ್ಲಿ ಮನೆ ಮಾಡಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ವಿಷದ ಕಾವು ಇಳಿಸುತ್ತವೆ. ಇಂಥ ಕಲ್ಲಿಗೆ ವ್ಯಾಪಾರದವರು ಇಟ್ಟ ಹೆಸರು 'ಲೈವ್ ರಾಕ್', ಜೀವಂತ ಕಲ್ಲು. ಒಬ್ಬ ವ್ಯಾಪಾರಿ ಫೋನಿನಲ್ಲಿ ಮಗನಿಗೆ ಹೇಳಿದನಂತೆ: "ಸಮುದ್ರದಿಂದಲೇ ಕಿತ್ತು ತಂದದ್ದು ಸರ್, ಕೆಲಸ ಬೇಗ ಮುಗೀತದೆ."

ನನ್ನ ಜಗಳ ಶುರುವಾದದ್ದು ಆ 'ಕಿತ್ತು' ಎಂಬ ಮಾತಿನಿಂದ.

ಹವಳವೆಂದರೆ ನಮಗೆ ಕರಿಮಣಿಯ ನಡುವೆ ಪೋಣಿಸುವ ಕೆಂಪು ಮಣಿ. ಕಡಲಲ್ಲಿ ದಿಬ್ಬ ಕಟ್ಟುವ ಹವಳದ ಜಾತಿ ಬೇರೆ. ಅದೂ ಒಂದು ಪ್ರಾಣಿ. ತಲೆಮಾರುಗಳು ಬಿಟ್ಟುಹೋದ ಸುಣ್ಣದ ಗೂಡಿನ ಮೇಲೆ ಮುಂದಿನವು ಸಂಸಾರ ಹೂಡುತ್ತವೆ. ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಅಂಥ ಹವಳವಿದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹಿಂದೆ ಸುಣ್ಣಕ್ಕೆಂದು ಹವಳದ ದಿಬ್ಬಗಳನ್ನೇ ಅಗೆದರು. 1986ರಲ್ಲಿ ಅಲ್ಲಿ ಸಾಗರ ರಾಷ್ಟ್ರೀಯ ಉದ್ಯಾನ ಘೋಷಿಸಬೇಕಾಯಿತು. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಕಾಯ್ದೆಯ ಮೊದಲನೆಯ ಪಟ್ಟಿಗೆ, ಹುಲಿಯ ಸಾಲಿಗೆ, ಸೇರಿಸಿದರು. ಹುಲಿಯ ಚರ್ಮ ಗೋಡೆಗೆ ತೂಗುಹಾಕಿದವನನ್ನು ನಾವು ಸಭ್ಯ ಅನ್ನುವುದಿಲ್ಲ. ಹವಳದ ತುಂಡು ಷೋಕೇಸಿನಲ್ಲಿಟ್ಟವನಿಗೆ ಮಾತ್ರ "ಎಂಥಾ ಟೇಸ್ಟು!" ಅನ್ನುತ್ತೇವೆ. ಇದ್ಯಾವ ನ್ಯಾಯ?

"ಹಂಗಾದ್ರ ಕಲ್ಲು ನಾವ ಮಾಡೋಣ" ಎಂದೆ. ವಿದ್ಯೆ ದೊಡ್ಡದೇನಲ್ಲ. ಒಂದು ಪಾಲು ಬಿಳಿ ಸಿಮೆಂಟು, ಎರಡು ಪಾಲು ಚಿಪ್ಪಿನ ಚೂರು, ಎರಡು ಪಾಲು ಹರಳುಪ್ಪು. ನೀರು ಕಡಿಮೆ, ಉಂಡೆ ಕಟ್ಟುವಷ್ಟು. ಹೆಚ್ಚಾದರೆ ಉಪ್ಪು ಆಗಲೇ ಕರಗುತ್ತದೆ. ಸಿಮೆಂಟು ಕೈ ಸುಡುತ್ತದೆ, ರಬ್ಬರಿನ ಕೈಚೀಲ ಬೇಕೇ ಬೇಕು. ಹಸಿ ಮರಳಿನಲ್ಲಿ ಕುಳಿ ತೋಡಿ, ತುಂಬಿ, ಒದ್ದೆ ಗೋಣಿ ಮುಚ್ಚಿ, ನಾಲ್ಕು ದಿನ ಬಿಟ್ಟು ನೀರಿಗಿಳಿಸಬೇಕು. ಉಪ್ಪು ಕರಗಿ ಹೋದಲ್ಲೆಲ್ಲ ತೂತು ಉಳಿಯುತ್ತದೆ.

ಮಗನ ಪಾಲಿಗೆ ಕೆಲಸ ಮುಗಿಯಿತು. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ಸಿಮೆಂಟು ಸುಣ್ಣ ಬಿಡುತ್ತದೆ. ಕಡಲ ನೀರಿನ ಪಿ.ಎಚ್. ಎಂಟರ ಮೇಲೆ ಸ್ವಲ್ಪ. ಹೊಸ ಸಿಮೆಂಟಿನ ನೀರಿನದು ಹನ್ನೆರಡು ದಾಟುತ್ತದೆ. ಅವನಿಗೆ ತಡೆಯಲಾಗಲಿಲ್ಲ. ಹತ್ತನೆಯ ದಿನ ಕಲ್ಲನ್ನು ತೊಟ್ಟಿಗೆ ಹಾಕಿ, ಎರಡು ಮೀನು ಬಿಟ್ಟು, ಸೋಮವಾರ ಬೆಳಗಿನ ಬಸ್ಸು ಹತ್ತಿದ. ಮಂಗಳವಾರ ಎರಡೂ ತೇಲುತ್ತಿದ್ದವು. ಬಂದ ನೆಂಟರು ಅಂದದ್ದೇನು ಗೊತ್ತೇ? "ಮನ್ಯಾಗಿದ್ದಾಕಿ ನೀ, ಒಂದೀಟು ನೋಡ್ಕೋಬಾರದಾಗಿತ್ತ?"

ಆಸೆ ಅವನದು, ಅವಸರ ಅವನದು, ಹೆಣ ಮಾತ್ರ ನನ್ನ ಲೆಕ್ಕಕ್ಕೆ! ಅಂದೇ ಹೇಳಿದೆ: ನೀರು ಬದಲಿಸುವ ಕೈ ನನ್ನದಾದರೆ, ಕಲ್ಲು ಯಾವುದು, ಮೀನು ಯಾವಾಗ ಎಂದು ಹೇಳುವ ಬಾಯಿಯೂ ನನ್ನದೇ.

ಕಲ್ಲು ಹದ ಮಾಡುವುದನ್ನು ಹೆಂಗಸರಿಗೆ ಕಲಿಸಬೇಕೆ? ಹೊಸ ಬೀಸುಕಲ್ಲಿನಲ್ಲಿ ಬೀಸಿದ ಮೊದಲ ಹಿಟ್ಟನ್ನು ನಾವು ಮನೆಯವರಿಗೆ ಬಡಿಸಿದ್ದುಂಟೆ? ಹೊಸ ಗಡಿಗೆಗೆ ನೀರು ಕುಡಿಸದೆ ಒಲೆಗಿಟ್ಟಿದ್ದುಂಟೆ? ಮನೆ ಕಟ್ಟುವಾಗ ಗೋಡೆಗೆ ಹೊತ್ತುಹೊತ್ತಿಗೆ ನೀರು ಹೊಡೆದವರು ಯಾರು?

ಎರಡನೆಯ ಸಲ ಮಳೆಗಾಲದಲ್ಲಿ ಹೂಡಿದೆ, ಮಾಳಿಗೆಯ ನೀರು ಹಿಡಿದು. 30 ಲೀಟರಿನ ಟಬ್ಬಿಗೆ ಮೊದಲ ವಾರ ದಿನಾ ಹೊಸ ನೀರು, ಆಮೇಲೆ ಮೂರು ದಿನಕ್ಕೊಮ್ಮೆ, ಒಟ್ಟು ಎಂಟು ವಾರ. ಲೆಕ್ಕ ಹಾಕಿ, ಸುಮಾರು 700 ಲೀಟರು. ಬೇಸಿಗೆಯಲ್ಲಿ ಈ ಆಟ ಆಡುವವರಿಗೆ ನಾಚಿಕೆಯಾಗಬೇಕು. ಸುಣ್ಣದ ಆ ನೀರನ್ನು ಗಿಡಕ್ಕೆ ಹಾಕಬೇಡಿ. ಅರಿಯದೆ ಸುರಿದು ಒಂದು ಮಲ್ಲಿಗೆ ಬಳ್ಳಿ ಕಳಕೊಂಡಿದ್ದೇನೆ. ಪರೀಕ್ಷೆಗೆ ಅಡಿಗೆಮನೆಯ ಅರಿಷಿಣವೇ ಸಾಕಾಯಿತು. ಅರಿಷಿಣಕ್ಕೆ ಸುಣ್ಣ ಸೋಕಿದರೆ ಓಕುಳಿಯ ಕೆಂಪು ಬರುತ್ತದಲ್ಲ? ಅರಿಷಿಣ ಬಳಿದ ಕಾಗದ ಮೊದಲು ಕೆಂಡದಂತಾಗುತ್ತಿತ್ತು. ವಾರ ಕಳೆದಂತೆ ಕೆಂಪು ತಿಳಿಯಾಯಿತು. ಕೊನೆಯ ಸಣ್ಣ ಲೆಕ್ಕಕ್ಕೆ ಮಾತ್ರ ಮಗ ತಂದ ಪರೀಕ್ಷೆಯ ಡಬ್ಬಿ.

ಆಮೇಲೆ ಲೀಟರಿಗೆ 35 ಗ್ರಾಮಿನಂತೆ ಕಡಲ ಉಪ್ಪಿನ ಮಿಶ್ರಣ ಬೆರೆಸಿದ ನೀರಿನಲ್ಲಿ, ಕತ್ತಲಲ್ಲಿ, ಪಂಪು ಹಚ್ಚಿ ಇಟ್ಟೆವು. ಅಡಿಗೆಯ ಉಪ್ಪು ಇದಕ್ಕೆ ಆಗದು. ಮಗನ ಗೆಳೆಯನೊಬ್ಬ ಮನೆಯಲ್ಲೇ ಮಾಡಿದ ಹಳೆಯ ಕಲ್ಲಿನ ಒಂದು ತುಂಡು ಕೊಟ್ಟ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯಲು ಮತ್ತೆ ಆರು ವಾರ ಬೇಕಾಯಿತು. ಮೀನು ಬಂದದ್ದು ಆಮೇಲೆ, ಅದೂ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್ ಮೀನು. ಆ ಮರಿ ಮಾಡಿಸುವ ವಿದ್ಯೆಯನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಾಧಿಸಿದೆ. ಮೀನನ್ನೇ ಕಡಲಿಂದ ಕದಿಯದೆ ತರಬಹುದಾದರೆ, ಕಲ್ಲನ್ನೇಕೆ ಕದಿಯಬೇಕು?

"ಸಿಮೆಂಟೂ ಗುಡ್ಡ ಅಗೆದ ಬರ್ತದಲ್ಲ?" ಎಂದು ಒಬ್ಬರು ಕೇಳಿದರು. ಹೌದು, ನಾನೇನೂ ಪುಣ್ಯವತಿಯಲ್ಲ. ನಾಲ್ಕು ಕಿಲೋ ಸಿಮೆಂಟಿನ ಕಲ್ಲು ವರ್ಷಗಟ್ಟಲೆ ಬಾಳುತ್ತದೆ. ಮುರಿದ ದಿಬ್ಬ ಮಾತ್ರ ನಮ್ಮ ಕಾಲದಲ್ಲಿ ಮತ್ತೆ ಬೆಳೆಯದು. "ತೊಟ್ಟಿಯೇ ಯಾಕ ಬೇಕು?" ಅನ್ನುವವರಿಗೂ ನನ್ನಲ್ಲಿ ಜಗಳವಿಲ್ಲ. ಮೂರು ತಿಂಗಳು ಕಾಯಲಾರದ ಮನೆಗೆ ಅದು ಖಂಡಿತ ಬೇಡ.

ಒಣಗುವ ಮೊದಲೇ ಚೀಲ ತುಂಬಿದ ಬ್ಯಾಡಗಿ ಮೆಣಸಿನಕಾಯಿ ಬೂಸು ಹಿಡಿಯುತ್ತದೆಂದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಕಡಲ ವಿಷಯದಲ್ಲಿ ಮಾತ್ರ ನಮಗೆ ಎಲ್ಲವೂ ನಾಳೆಯೇ ಬೇಕು. ನಮ್ಮ ಅವಸರದ ಸಾಲ ತೀರಿಸುವುದು ಎಲ್ಲೋ ನೀರಿನಡಿಯ ಒಂದು ದಿಬ್ಬ.

ಮನೆಗೆ ಬಂದವರು ಈಗ ತೊಟ್ಟಿ ನೋಡಿ, "ಈ ಕಲ್ಲು ಎಲ್ಲಿ ಸಿಗ್ತಾವರೀ?" ಎಂದು ಕೇಳುತ್ತಾರೆ. ನಾನು ಅವರನ್ನು ಹಿತ್ತಲಿಗೆ ಕರೆದೊಯ್ದು, ಅಂಚಿಗೆ ಬಿಳಿ ಸುಣ್ಣ ಕಟ್ಟಿದ ಆ ಟಬ್ಬು ತೋರಿಸುತ್ತೇನೆ.